ಗಾಳಿ ಕಟ್ಟಿದ ಎಂಜಿನ್‌ಗೆ ಪೆಟ್ರೋಲ್ ಸುರಿದರೆ ಫಲವೇನು?

ಪ್ರಶ್ನೆ: ಕಾಲು ಮೈಲಿಯ ಮಣ್ಣಿನ ಓವಲ್ ಟ್ರ್ಯಾಕ್‌ನಲ್ಲಿ ಓಡುವ ಕಾರು ನನ್ನದು. 350 ಘನ ಇಂಚಿನ ವಿ8 ಎಂಜಿನ್. ನಮ್ಮ ವರ್ಗದಲ್ಲಿ 500 ಸಿಎಫ್‌ಎಂನ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎರಡು ಬ್ಯಾರೆಲ್, ಅಂದರೆ ಎರಡು ಗಾಳಿ ಕೊಳವೆಯ, ಕಾರ್ಬುರೇಟರ್ (ಹೋಲಿ 4412) ಬಿಟ್ಟು ಬೇರೇನನ್ನೂ ಹಾಕುವಂತಿಲ್ಲ. ತಿರುವಿನಿಂದ ಹೊರಬರುವಾಗ ಎಂಜಿನ್ ಚೆನ್ನಾಗಿ ಎಳೆಯುತ್ತದೆ. ನೇರದ ಅರ್ಧಕ್ಕೆ ಬರುವಷ್ಟರಲ್ಲಿ, ಸುಮಾರು 5800 ಆರ್‌ಪಿಎಂಗೆ, ಮಂಕಾಗಿಬಿಡುತ್ತದೆ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟನ್ನು 73ರಿಂದ 80ಕ್ಕೆ ಏರಿಸಿದೆ, ಪ್ಲಗ್ ಕಪ್ಪಾಯಿತು, ಅಷ್ಟೇ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ 5.83 ಇತ್ತು, 6.20 ಮಾಡಿದೆ. ಈಗ ನೇರದ ಕೊನೆಗೆ 6800 ತನಕ ತಿರುಗುತ್ತದೆ, ಆದರೆ ಸುತ್ತಿನ ಸಮಯ ಮೊದಲಿಗಿಂತ ಹಾಳಾಗಿದೆ. ಗೆಳೆಯರಲ್ಲಿ ಒಬ್ಬ ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ದೊಡ್ಡ ಕ್ಯಾಮ್ ಹಾಕು ಅನ್ನುತ್ತಾನೆ, ಇನ್ನೊಬ್ಬ ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿಯನ್ನು ಒತ್ತುವ ಪ್ರಮಾಣ) ಏರಿಸು ಅನ್ನುತ್ತಾನೆ, ಮತ್ತೊಬ್ಬ ಕಾರ್ಬುರೇಟರ್‌ನ ಪವರ್ ವಾಲ್ವ್ ಮುಚ್ಚಿಹಾಕು ಅನ್ನುತ್ತಾನೆ. ಈ ಸೀಸನ್‌ನಲ್ಲಿ ಒಂದೇ ಒಂದು ದೊಡ್ಡ ಕೆಲಸ ಮಾಡಿಸುವಷ್ಟು ಹಣವಿದೆ. ಯಾವುದನ್ನು ಮಾಡಿಸಲಿ? ಕಾರ್ಬುರೇಟರ್ರೇ ಕೆಟ್ಟಿದೆಯೇ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಕಾರ್ಬುರೇಟರ್ ಕೆಟ್ಟಂತೆ ಕಾಣುವುದಿಲ್ಲ. ಅದನ್ನು ಯಾವ ಕೆಲಸಕ್ಕೆಂದು ನಿಯಮದಲ್ಲಿ ಇಟ್ಟಿದ್ದಾರೋ ಆ ಕೆಲಸವನ್ನೇ ಅದು ಮಾಡುತ್ತಿದೆ. ಮೇಲಿನ ಆರ್‌ಪಿಎಂನಲ್ಲಿ ನಿಮ್ಮ ಎಂಜಿನ್ನಿನ ಕತ್ತು ಹಿಡಿಯಲೆಂದೇ ಅದು ಅಲ್ಲಿದೆ. ನಿಮ್ಮ ತೊಂದರೆ ಏನೆಂದರೆ, ಕತ್ತು ಹಿಡಿದಿರುವ ಜಾಗದಲ್ಲೇ ಎಂಜಿನ್ನನ್ನು ಇನ್ನಷ್ಟು ಓಡಿಸಲು ಹೊರಟಿದ್ದೀರಿ. ಗೇರ್, ಜೆಟ್, ಗೆಳೆಯನ ಕ್ಯಾಮ್ ಎಲ್ಲವೂ ಅದೇ ದಿಕ್ಕಿಗೆ ಎಳೆಯುತ್ತಿವೆ.

ಮೊದಲು ಗಾಳಿಯ ಲೆಕ್ಕ ನೋಡೋಣ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಹೊಟ್ಟೆ ತುಂಬ ಉಸಿರೆಳೆಯುತ್ತದೆ. ಘನ ಇಂಚನ್ನು ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕೆಂಬುದು ಸಿಗುತ್ತದೆ. ನಿಮ್ಮ 350ಕ್ಕೆ 4500ರಲ್ಲಿ 456, 6000ದಲ್ಲಿ 608, 7000ದಲ್ಲಿ 709. ಇದು ಸಿಲಿಂಡರ್ ನೂರಕ್ಕೆ ನೂರು ತುಂಬಿದರೆ. 4500ರ ಹತ್ತಿರ ಎಂಜಿನ್‌ಗೆ ಕಾರ್ಬುರೇಟರ್ ಹೆಚ್ಚು ಅಡ್ಡಿಯಲ್ಲ, ಅದಕ್ಕೇ ತಿರುವಿನಿಂದ ಅಷ್ಟು ಚೆನ್ನಾಗಿ ಎಳೆಯುತ್ತದೆ. 6000 ದಾಟಿದರೆ ಕೇಳುವುದು ಒಂದು, ಸಿಗುವುದು ಇನ್ನೊಂದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. 500 ಸಿಎಫ್‌ಎಂ ಅಂದರೆ 501ನೇ ಘನ ಅಡಿ ಒಳಗೆ ಬರುವುದೇ ಇಲ್ಲ ಎಂದಲ್ಲ. ಎರಡು ಬ್ಯಾರೆಲ್ ಕಾರ್ಬುರೇಟರ್‌ನ ಮೇಲೆ ಕೆಳಗೆ 3 ಇಂಚು ಪಾದರಸದಷ್ಟು ಒತ್ತಡದ ವ್ಯತ್ಯಾಸವಿದ್ದಾಗ ಎಷ್ಟು ಗಾಳಿ ಹರಿಯುತ್ತದೆ ಎಂಬುದು ಆ ಸಂಖ್ಯೆ. ನಾಲ್ಕು ಬ್ಯಾರೆಲ್ಲನ್ನು ಅಳೆಯುವುದು 1.5 ಇಂಚಿನಲ್ಲಿ. ಹಾಗಾಗಿ ಆ ಅಳತೆಗೋಲಿನಲ್ಲಿ ಇಟ್ಟರೆ ನಿಮ್ಮ 500 ಬರೀ 354 ಆಗುತ್ತದೆ. ಪಕ್ಕದ ವರ್ಗದವನ 650ರ ಜೊತೆ ನೇರ ಹೋಲಿಸಿ ಎದೆ ಉಬ್ಬಿಸುವುದಾಗಲಿ, ಕುಗ್ಗುವುದಾಗಲಿ ಬೇಡ.

ಹರಿವು ಹೆಚ್ಚಿದಂತೆ ಈ ಒತ್ತಡದ ವ್ಯತ್ಯಾಸ ಹರಿವಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಏರುತ್ತದೆ. 500 ಎಳೆಯಲು 3 ಇಂಚು ಸಾಕು, 600 ಎಳೆಯಬೇಕಾದರೆ 4.3 ಇಂಚು. ವಾತಾವರಣದ ಒತ್ತಡ ಸಮುದ್ರ ಮಟ್ಟದಲ್ಲಿ ಸುಮಾರು 30 ಇಂಚು. ಅಂದರೆ ಪೆಡಲ್ ನೆಲಕ್ಕೆ ತುಳಿದಿದ್ದರೂ ಮ್ಯಾನಿಫೋಲ್ಡ್‌ನಲ್ಲಿ (ಕಾರ್ಬುರೇಟರ್‌ನಿಂದ ಸಿಲಿಂಡರ್‌ಗೆ ಹೋಗುವ ಕೊಳವೆ) ಹತ್ತರಲ್ಲೊಂದು ಪಾಲು, ಅದಕ್ಕಿಂತ ಹೆಚ್ಚು ಪಾಲು ಗಾಳಿ ಖೋತಾ. ನಿಮ್ಮದು ಗೋಡೆಯಲ್ಲ, ಏರು. ಹತ್ತಬಹುದು, ಆದರೆ ಪ್ರತಿ ಹೆಜ್ಜೆಯೂ ಹಿಂದಿನದಕ್ಕಿಂತ ಕಡಿದು.

ನಿಜವಾದ ಗೋಡೆ ಇರುವುದು ಬೇರೆ ಕಡೆ. ಫಾರ್ಮುಲಾ ಎಸ್‌ಎಇ ವಿದ್ಯಾರ್ಥಿ ಕಾರುಗಳ 20 ಮಿ.ಮೀ. ರಿಸ್ಟ್ರಿಕ್ಟರ್ (ಗಾಳಿ ಕಟ್ಟುವ ಕಿರಿದಾದ ರಂಧ್ರ), ವಿಶ್ವ ರ‍್ಯಾಲಿ ಕಾರುಗಳು ಬಹುಕಾಲ ಹೊತ್ತ 34 ಮಿ.ಮೀ. ರಿಸ್ಟ್ರಿಕ್ಟರ್ ಇಂಥವು. ಕಿರಿದಾದ ಕಂಠದಲ್ಲಿ ಗಾಳಿ ಶಬ್ದದ ವೇಗ ಮುಟ್ಟಿತೆಂದರೆ ಮುಗಿಯಿತು, ಕೆಳಗೆ ಎಷ್ಟೇ ಎಳೆದರೂ ಒಂದು ಗ್ರಾಂ ಹೆಚ್ಚು ಬರುವುದಿಲ್ಲ. 20 ಮಿ.ಮೀ. ರಂಧ್ರದಲ್ಲಿ ಆ ಮಿತಿ ಸೆಕೆಂಡಿಗೆ ಸುಮಾರು 75 ಗ್ರಾಂ. ಅಮೆರಿಕದ ಕಾರ್ ಓಟದ ಸಂಸ್ಥೆ ನಾಸ್ಕಾರ್ 1988ರಿಂದ ಡೇಟೋನಾ, ಟ್ಯಾಲಡೇಗಾ ಟ್ರ್ಯಾಕ್‌ಗಳಲ್ಲಿ ಕಾರ್ಬುರೇಟರ್ ಕೆಳಗೆ ತೂತಿನ ತಟ್ಟೆ ಇಡಿಸಿದ್ದೂ ಗಾಳಿ ಕಟ್ಟಲೆಂದೇ. ಅದಕ್ಕೆ ಹಿಂದಿನ ವರ್ಷ ಟ್ಯಾಲಡೇಗಾದಲ್ಲಿ ಚಾಲಕ ಬಾಬಿ ಆಲಿಸನ್ ಅವರ ಕಾರು ಹಾರಿ ಪ್ರೇಕ್ಷಕರ ಬೇಲಿಗೆ ಬಡಿದಿತ್ತು. ತಟ್ಟೆಯಿರುವ ಎಂಜಿನ್‌ಗೂ ನಿಮ್ಮದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಕಾರ್ಬುರೇಟರ್ ದೊಡ್ಡದು, ವೆಂಚುರಿಯಲ್ಲಿ (ಕಾರ್ಬುರೇಟರ್‌ನ ಕಿರಿದಾದ ಕಂಠ) ಗಾಳಿಯ ವೇಗ ಕಡಿಮೆ, ಪೆಟ್ರೋಲ್ ಸರಿಯಾಗಿ ಹನಿಹನಿಯಾಗಿ ಒಡೆಯುವುದಿಲ್ಲ. ನಿಮ್ಮಲ್ಲಿ ವೆಂಚುರಿಯೇ ಕಿರಿದು, ಸೆಳೆತ ಜೋರು, ಪೆಟ್ರೋಲ್ ತಾನಾಗಿಯೇ ಧಾರಾಳವಾಗಿ ಬರುತ್ತದೆ. ತಟ್ಟೆಯ ಎಂಜಿನ್ ಕಟ್ಟುವವರ ಜೆಟ್ ಸಂಖ್ಯೆಯನ್ನು ನಕಲು ಮಾಡಬೇಡಿ ಅನ್ನುವುದು ಅದಕ್ಕೇ.

80ರ ಜೆಟ್ ಏಕೆ ಕೈಕೊಟ್ಟಿತು ಎಂಬುದೂ ಇಲ್ಲೇ ಇದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಹೆಚ್ಚಿನ ಬಲ ಸಿಗುವುದು ಸ್ವಲ್ಪ ಗಟ್ಟಿ ಮಿಶ್ರಣದಲ್ಲಿ, 12.5ರಿಂದ 13ರೊಳಗೆ. ಅದಕ್ಕಿಂತ ಹೆಚ್ಚು ಸುರಿದ ಪೆಟ್ರೋಲ್‌ಗೆ ಉರಿಯಲು ಗಾಳಿಯಿಲ್ಲ. ಅದು ಪ್ಲಗ್‌ಗೆ ಮಸಿ ಬಳಿಯುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆ ತೊಳೆಯುತ್ತದೆ, ರಿಂಗ್ ಸವೆಸುತ್ತದೆ, ಕೊನೆಗೆ ಆಯಿಲ್ ಪ್ಯಾನ್‌ಗೆ ಇಳಿದು ಎಂಜಿನ್ ಆಯಿಲನ್ನು ನೀರಾಗಿಸುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಮುಂದಿನ ಓಟಕ್ಕೆ ಮೊದಲು ಆಯಿಲ್ ಬದಲಿಸಿ. ಅಂದಹಾಗೆ ಜೆಟ್ ಮೇಲಿನ ಸಂಖ್ಯೆ ರಂಧ್ರದ ವ್ಯಾಸವಲ್ಲ. 80 ಅಂದರೆ 73ಕ್ಕಿಂತ ಸಂಖ್ಯೆಯ ಅನುಪಾತದಷ್ಟೇ ದೊಡ್ಡದು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಈಗ ಗೇರ್. ಇದರಲ್ಲೇ ನಿಮ್ಮ ಸಮಯ ಕಳೆದುಹೋಗಿದೆ ಎಂಬುದು ನನ್ನ ಅಂದಾಜು. ಒಂದೇ ವೇಗದಲ್ಲಿ 6.20 ಗೇರ್ ಎಂಜಿನ್ನನ್ನು 5.83ಕ್ಕಿಂತ ನೂರಕ್ಕೆ ಆರರಷ್ಟು ಹೆಚ್ಚು ತಿರುಗಿಸುತ್ತದೆ. ಈಗ 6800 ಕಾಣುವಲ್ಲಿ ಮೊದಲು 6400ರ ಹತ್ತಿರ ಇತ್ತು. ಅದೇ 5800ಕ್ಕಿಂತ ಮೇಲಿತ್ತು, ನೀವು ಇನ್ನೂ ಮೇಲಕ್ಕೆ ಒಯ್ದಿರಿ. ಆ ಎತ್ತರದಲ್ಲಿ ಆರ್‌ಪಿಎಂ ಏರಿಸಿದರೂ ಒಳಬರುವ ಗಾಳಿ ಹೆಚ್ಚುಕಡಿಮೆ ಅಷ್ಟೇ, ಆದರೆ ರಿಂಗ್, ಬೇರಿಂಗ್, ವಾಲ್ವ್ ಸ್ಪ್ರಿಂಗ್‌ಗಳ ಉಜ್ಜಾಟ, ಆಯಿಲನ್ನು ಕಡೆಯುವ ಕ್ರ್ಯಾಂಕ್, ನೀರಿನ ಪಂಪ್, ಫ್ಯಾನ್ ಇವು ತಿನ್ನುವ ಬಲ ವೇಗಕ್ಕಿಂತ ಬೇಗ ಏರುತ್ತದೆ. ಗಾಳಿ ತಂದುಕೊಡುವ ಆದಾಯ ನಿಂತ ನೀರು, ಉಜ್ಜಾಟದ ಖರ್ಚು ಮಾತ್ರ ಏರುತ್ತಲೇ ಇದೆ. ಅದಕ್ಕೇ ಅಷ್ಟೇ ಗಾಳಿ 5600ರಲ್ಲಿ ಚಕ್ರಕ್ಕೆ ಕೊಡುವ ಬಲ 6800ರಲ್ಲಿ ಕೊಡುವುದಕ್ಕಿಂತ ಹೆಚ್ಚು. ಎಂಜಿನ್ ಕೂಗಿದಷ್ಟೂ ಕಾರು ಓಡುತ್ತಿದೆ ಎಂದು ಕಿವಿ ಹೇಳುತ್ತದೆ, ಸ್ಟಾಪ್‌ವಾಚ್ ಬೇರೆ ಹೇಳುತ್ತದೆ.

ಮಣ್ಣಿನಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ರಾತ್ರಿಯಾಗುತ್ತ ಟ್ರ್ಯಾಕ್ ಒಣಗಿ ಮೇಲ್ಮೈ ಗಾಜಿನಂತೆ ಹೊಳೆಯುವಾಗ, ತಿರುವಿನ ಬಾಯಲ್ಲಿ 6.20 ಗೇರ್ ಕೊಡುವ ಹೆಚ್ಚುವರಿ ತಿರುಚು ಬಲ ಹಿಂದಿನ ಟೈರನ್ನು ಸುಮ್ಮನೆ ತಿರುಗಿಸುತ್ತದೆ. ಟ್ಯಾಕೋಮೀಟರ್ ಏರುತ್ತದೆ, ಕಾರು ಅಲ್ಲೇ ಇರುತ್ತದೆ. ನೀವು ಬರೆದ 6800ರಲ್ಲಿ ಒಂದಿಷ್ಟು ಪಾಲು ಹೀಗೆ ಜಾರಿದ ಟೈರಿನದೇ ಇರಬಹುದು. ಹಸಿ ಮಣ್ಣು ಅಂಟಿಕೊಳ್ಳುವ ಹೊತ್ತಿನಲ್ಲಿ ಈ ನಷ್ಟ ಅಷ್ಟು ಕಾಣದು.

ದೊಡ್ಡ ಕ್ಯಾಮ್ ವಿಚಾರಕ್ಕೆ ಬರೋಣ. ತೆರೆದ, ಅಂದರೆ ಗಾಳಿಗೆ ಕಟ್ಟಿಲ್ಲದ, ಎಂಜಿನ್‌ನಲ್ಲಿ ದೊಡ್ಡ ಕ್ಯಾಮ್ ಗೆದ್ದುದನ್ನು ನಿಮ್ಮ ಗೆಳೆಯ ಕಂಡಿರಬೇಕು. ಗಾಳಿ ಕಟ್ಟಿದ ಎಂಜಿನ್‌ನಲ್ಲಿ ಅದು ಎರಡು ಕಡೆ ಪೆಟ್ಟು ಕೊಡುತ್ತದೆ. ಇಂಟೇಕ್ ವಾಲ್ವ್ ತಡವಾಗಿ ಮುಚ್ಚಿದರೆ ಮಧ್ಯದ ಆರ್‌ಪಿಎಂನಲ್ಲಿ ಮೇಲೇರುವ ಪಿಸ್ಟನ್ ಈಗಷ್ಟೇ ಎಳೆದುಕೊಂಡ ಗಾಳಿಯನ್ನು ಮತ್ತೆ ಮ್ಯಾನಿಫೋಲ್ಡ್‌ಗೆ ತಳ್ಳುತ್ತದೆ, ನಿಮ್ಮ ಕಾರಿಗೆ ಇರುವ ಒಂದೇ ಒಳ್ಳೆಯ ಗುಣವಾದ ತಿರುವಿನ ಎಳೆತ ಹೋಗುತ್ತದೆ. ಎರಡನೆಯದು ಓವರ್‌ಲ್ಯಾಪ್, ಅಂದರೆ ಎರಡೂ ವಾಲ್ವ್ ಒಟ್ಟಿಗೆ ಸ್ವಲ್ಪ ತೆರೆದಿರುವ ಹೊತ್ತು. ನಿಮ್ಮ ಮ್ಯಾನಿಫೋಲ್ಡ್‌ನಲ್ಲಿ ಪೂರ್ತಿ ಥ್ರಾಟಲ್‌ನಲ್ಲೂ ನಿರ್ವಾತವಿದೆ, ಅಂದರೆ ಹೊರಗಿಗಿಂತ ಕಡಿಮೆ ಒತ್ತಡ. ಎಕ್ಸಾಸ್ಟ್ ಕಡೆ ಒತ್ತಡ ಅದಕ್ಕಿಂತ ಹೆಚ್ಚು. ಹೆಡರ್‌ನ (ಎಕ್ಸಾಸ್ಟ್ ಕೊಳವೆಗಳ) ಒತ್ತಡದ ಅಲೆ ಕೈಹಿಡಿಯದ ಆರ್‌ಪಿಎಂಗಳಲ್ಲಿ ಸುಟ್ಟ ಹೊಗೆ ಹಿಂದಕ್ಕೆ ಹರಿದು ಹೊಸ ಗಾಳಿಯ ಜಾಗ ತಿನ್ನುತ್ತದೆ. ಮೊದಲೇ ಕಮ್ಮಿ ಇರುವ ಗಾಳಿಗೆ ಹೊಗೆ ಬೆರೆಸಿದ ಹಾಗೆ. ಹೀಗಾಗಿ ಕ್ಯಾಮ್ ಬದಲಿಸುವುದಾದರೆ ಅವಧಿ ಕಡಿಮೆಯಾಗಿ, ಇಂಟೇಕ್ ಬೇಗ ಮುಚ್ಚುವ, ಎರಡು ಬ್ಯಾರೆಲ್ ಎಂಜಿನ್‌ಗೆಂದೇ ಕಡೆದ ಕ್ಯಾಮ್ ಹಾಕಿ. ಇರುವ ಕ್ಯಾಮನ್ನೇ ನಾಲ್ಕು ಡಿಗ್ರಿ ಅಡ್ವಾನ್ಸ್ ಮಾಡಿ (ಮುಂದಕ್ಕೆ ಸರಿಸಿ) ಕೂರಿಸುವುದು ಬಹುತೇಕ ಪುಕ್ಕಟೆ ಕೆಲಸ, ಎಳೆತ ಕೆಳಗಿನ ಆರ್‌ಪಿಎಂಗೆ ಸರಿಯುತ್ತದೆ. ಪಿಸ್ಟನ್‌ಗೂ ಇಂಟೇಕ್ ವಾಲ್ವ್‌ಗೂ ನಡುವಿನ ಅಂತರ ಮಾತ್ರ ಅಳೆದೇ ಮಾಡಿ.

ಕಂಪ್ರೆಷನ್ ಏರಿಸು ಅನ್ನುವ ಗೆಳೆಯನ ಮಾತಿನಲ್ಲಿ ಅರ್ಧ ಸತ್ಯವಿದೆ. ಒಳಗೆ ಬಂದ ಅಷ್ಟೇ ಗಾಳಿಯಿಂದ ಹೆಚ್ಚು ಕೆಲಸ ತೆಗೆಯುವ ದಾರಿ ಅದು. ಸಿಲಿಂಡರ್ ಪೂರ್ತಿ ತುಂಬದೆ ಇರುವುದರಿಂದ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಭಯವಿಲ್ಲ ಎಂದೂ ಅವರು ಹೇಳಿರುತ್ತಾರೆ. 6500ರಲ್ಲಿ ಅದು ಸರಿ. ಆದರೆ 4200ರಲ್ಲಿ ನಿಮ್ಮ ಸಿಲಿಂಡರ್ ಹೆಚ್ಚುಕಡಿಮೆ ತೆರೆದ ಎಂಜಿನ್ನಿನ ಹಾಗೆಯೇ ತುಂಬುತ್ತದೆ! ನಾಕಿಂಗ್ ಶುರುವಾಗುವುದು ಅಲ್ಲಿ, ತಿರುವಿನಿಂದ ಹೊರಟು ಪೆಡಲ್ ತುಳಿದ ಮೊದಲ ಕ್ಷಣದಲ್ಲಿ, ನಿಮಗೆ ಏನೂ ಕೇಳದ ಗದ್ದಲದಲ್ಲಿ. ಪ್ಲಗ್‌ನ ಪಿಂಗಾಣಿಯ ಮೇಲೆ ಮೆಣಸು ಚೆಲ್ಲಿದಂತೆ ಸಣ್ಣ ಕಪ್ಪು ಚುಕ್ಕೆ, ಅಲ್ಯೂಮಿನಿಯಂನ ಮಿನುಗು ಕಣ ಕಂಡರೆ ಅದೇ ಗುರುತು. ಹಾಕುವ ಪೆಟ್ರೋಲಿನ ಆಕ್ಟೇನ್ ಮತ್ತು ನಿಮ್ಮ ವರ್ಗದ ಮಿತಿ ಎರಡೂ ಒಪ್ಪಿದರೆ ಮಾತ್ರ ಕಂಪ್ರೆಷನ್ ಮುಟ್ಟಿ.

ಕಿಡಿಯ ಟೈಮಿಂಗ್‌ಗೂ ಇದೇ ಎರಡು ಮುಖ. ಮೇಲಿನ ಆರ್‌ಪಿಎಂನಲ್ಲಿ ಗಾಳಿ ತೆಳು, ಹೊಗೆ ಬೆರಕೆ, ಉರಿ ನಿಧಾನ, ಕಿಡಿ ಬೇಗ ಬೇಕು. ಮಧ್ಯದಲ್ಲಿ ಸಿಲಿಂಡರ್ ತುಂಬಿ ಉರಿ ಚುರುಕು, ಅಷ್ಟು ಬೇಗ ಬೇಡ. ಅಡ್ವಾನ್ಸ್, ಅಂದರೆ ಕಿಡಿ ಎಷ್ಟು ಬೇಗ ಎಂಬುದು, ಒಂದೇ ಕಡೆ ಬಿಗಿದ ಡಿಸ್ಟ್ರಿಬ್ಯೂಟರ್ ಇದ್ದರೆ ಮಧ್ಯದ ಆರ್‌ಪಿಎಂಗೆ ಸುರಕ್ಷಿತವಾದುದನ್ನೇ ಇಟ್ಟು, ಮೇಲೆ ಕಳೆದುಕೊಳ್ಳುವ ಸ್ವಲ್ಪವನ್ನು ಮರೆತುಬಿಡಿ. ಎರಡು ಡಿಗ್ರಿ ಹೆಚ್ಚು ಹಾಕಿ ನೋಡುವ ಚಪಲ ಎಲ್ಲರಿಗೂ ಇದೆ, ನನಗೂ ಇತ್ತು.

ಪವರ್ ವಾಲ್ವ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಪಟ್ಟಿಯಲ್ಲಿ ಎಂಜಿನ್ನನ್ನು ಕೊಲ್ಲಬಲ್ಲದ್ದು ಇದು. ಮ್ಯಾನಿಫೋಲ್ಡ್‌ನ ನಿರ್ವಾತ ಕಡಿಮೆಯಾದಾಗ, ಅಂದರೆ ಎಂಜಿನ್ ಮೇಲೆ ಭಾರ ಬಿದ್ದಾಗ, ತೆರೆದುಕೊಂಡು ಹೆಚ್ಚುವರಿ ಪೆಟ್ರೋಲ್ ಕೊಡುವುದು ಅದರ ಕೆಲಸ. ಮೇಲೆ ಒತ್ತಿರುವ 25, 45, 65 ಎಂಬ ಸಂಖ್ಯೆ 2.5, 4.5, 6.5 ಇಂಚಿನಲ್ಲಿ ತೆರೆಯುತ್ತದೆ ಎಂಬುದನ್ನು ಹೇಳುತ್ತದೆ. ತೆರೆದ ಎಂಜಿನ್‌ನಲ್ಲಿ ಪೂರ್ತಿ ಥ್ರಾಟಲ್ ಎಂದರೆ ನಿರ್ವಾತ ಇಲ್ಲವೇ ಇಲ್ಲ ಎನ್ನುವಷ್ಟು, ಯಾವ ಸಂಖ್ಯೆಯದಾದರೂ ತೆರೆದೇ ಇರುತ್ತದೆ. ನಿಮ್ಮಲ್ಲಿ ಹಾಗಲ್ಲ. ನೇರದ ಕೊನೆಯಲ್ಲಿ 4 ಇಂಚು ನಿರ್ವಾತವಿದ್ದು 25ರ ವಾಲ್ವ್ ಹಾಕಿದ್ದರೆ, ಎಂಜಿನ್‌ಗೆ ಪೆಟ್ರೋಲ್ ಬೇಕೇಬೇಕಾದ ಹೊತ್ತಿನಲ್ಲೇ ಅದು ಮುಚ್ಚಿಕೊಳ್ಳುತ್ತದೆ. ಹೀಗೆ ಕೆಲಸ ಕಲಿಯುವ ಕಾಲದಲ್ಲಿ ನಾನೇ ಎರಡು ಪಿಸ್ಟನ್ ಕರಗಿಸಿದ್ದೇನೆ. ತಿರುವಿನಲ್ಲಿ ಪ್ಲಗ್ ಬಣ್ಣ ಸೊಗಸಾಗಿತ್ತು, ನೇರದ ಕೊನೆಯ ಎರಡು ಸೆಕೆಂಡಿನಲ್ಲಿ ಏನಾಗುತ್ತಿತ್ತು ಎಂದು ಅಳೆದಿರಲಿಲ್ಲ.

ಮುಚ್ಚಿಹಾಕಿದರೆ ಈ ಅಪಾಯ ತಪ್ಪುತ್ತದೆ, ನಿಜ. ಆಗ ಅದು ಕೊಡುತ್ತಿದ್ದ ಪೆಟ್ರೋಲನ್ನು ಜೆಟ್‌ನಿಂದಲೇ ಕೊಡಬೇಕು, ಸಾಮಾನ್ಯವಾಗಿ ಆರರಿಂದ ಹತ್ತು ಸಂಖ್ಯೆ ಮೇಲೆ. ನಿಮ್ಮ 80ರ ಜೆಟ್ ಹಾಗೆ ಮುಚ್ಚಿದ ಕಾರ್ಬುರೇಟರ್‌ಗೆ ಸರಿಹೋಗುತ್ತಿತ್ತೇನೋ. ವಾಲ್ವೂ ಇಟ್ಟು 80ನ್ನೂ ಹಾಕಿದ್ದಕ್ಕೆ ಮಸಿ ಬಂದಿದೆ. ಆದರೆ ಮುಚ್ಚಿದ ಕಾರು ಹಳದಿ ಬಾವುಟದ ಸುತ್ತುಗಳಲ್ಲಿ ನಿಧಾನ ಓಡುವಾಗಲೂ ಪೆಟ್ರೋಲ್ ಕುಡಿಯುತ್ತದೆ, ಪ್ಲಗ್ ಹೊಲಸಾಗುತ್ತದೆ, ಹಸಿರು ಬಾವುಟ ಬೀಸಿದಾಗ ಕೆಮ್ಮುತ್ತದೆ. ವಾಲ್ವ್ ಇರಲಿ, ಸಂಖ್ಯೆ ಸರಿಯಿರಲಿ ಎಂಬುದು ನನ್ನ ಪಕ್ಷ. ಪೂರ್ತಿ ಥ್ರಾಟಲ್‌ನಲ್ಲಿ ಕಂಡ ಅತಿ ಹೆಚ್ಚು ನಿರ್ವಾತಕ್ಕಿಂತ ಒಂದೆರಡು ಇಂಚು ಮೇಲಿನ ವಾಲ್ವ್ ಆರಿಸಿ. ಐಡಲ್‌ನಲ್ಲಿ ಸಿಗುವ ನಿರ್ವಾತ ಅದಕ್ಕಿಂತ ಹೆಚ್ಚಿರಬೇಕು, ಇಲ್ಲದಿದ್ದರೆ ನಿಂತಲ್ಲೇ ತೆರೆದುಕೊಳ್ಳುತ್ತದೆ.

ಹಾಗಾದರೆ ಹಣ ಎಲ್ಲಿ ಹಾಕಬೇಕು? ಹಾಕುವ ಮುಂಚೆ ಖರ್ಚಿಲ್ಲದ್ದನ್ನು ಮುಗಿಸಿ. ಜೆಟ್ 73ಕ್ಕೆ ವಾಪಸ್ (ಕೊನೆಯಲ್ಲಿ ಹೇಳಿರುವ ಗೇಜ್ ಪರೀಕ್ಷೆ ಮುಗಿದ ಮೇಲೆ), ಗೇರ್ 5.83ಕ್ಕೆ ವಾಪಸ್. ಆಮೇಲೆ ಗೇರನ್ನು 5.83ಕ್ಕಿಂತ ಒಂದು ಮೆಟ್ಟಿಲು ಇಳಿಸಿ, ನೇರದ ಕೊನೆಗೆ 6100ರ ಆಸುಪಾಸು ಬರುವಂತೆ ಮಾಡಿ, ಒಂದೇ ರಾತ್ರಿ ಒಂದೇ ಸ್ಥಿತಿಯ ಟ್ರ್ಯಾಕ್‌ನಲ್ಲಿ ಎರಡನ್ನೂ ಅಳೆಯಿರಿ. ಮೊದಲ ನಾಲ್ಕು ಸುತ್ತು ಎಂಜಿನ್ ಸೋಮಾರಿಯಂತೆ ಅನ್ನಿಸುತ್ತದೆ, ಅನ್ನಿಸಲಿ ಬಿಡಿ. ಇಳಿಸಿದ್ದು ಹೆಚ್ಚಾಗಿ ತಿರುವಿನಿಂದ ಎಂಜಿನ್ ಮುಕ್ಕರಿದರೆ ಮಾತ್ರ ಹಿಂದಕ್ಕೆ ಬನ್ನಿ.

ಹಣ ಹಾಕುವುದು ಒಂದೇ ಕಡೆ ಎಂದರೆ, ಕ್ಯಾಮ್‌ಗೂ ಮೊದಲು ನಾನು ಸಿಲಿಂಡರ್ ಸೋರದಂತೆ ಸೀಲ್ ಮಾಡುವುದರ ಮೇಲೆ ಹಾಕಿಸುತ್ತೇನೆ. ಮೊದಲು ಲೀಕ್‌ಡೌನ್ ಪರೀಕ್ಷೆ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವುದು) ಮಾಡಿಸಿ. ಇಷ್ಟು ಕಷ್ಟಪಟ್ಟು ಒಳತಂದ ಗಾಳಿ ರಿಂಗ್ ಸಂದಿಯಲ್ಲಿ, ವಾಲ್ವ್ ಸೀಟ್‌ನಲ್ಲಿ ಸೋರಿಹೋದರೆ ಯಾವ ಕ್ಯಾಮ್ ಬಂದರೂ ತುಂಬಿಕೊಡಲಾರದು. 80ರ ಜೆಟ್ ಹಾಕಿ ಓಡಿಸಿದ ಮೇಲಂತೂ ರಿಂಗ್ ಬಗ್ಗೆ ನನಗೆ ಅನುಮಾನವೇ. ಬೋರ್ ಹೋನ್ (ಸಿಲಿಂಡರ್ ಗೋಡೆ ಉಜ್ಜಿ ನಯ) ಮಾಡಿಸಿ ತೆಳ್ಳನೆಯ, ಬಿಗಿ ಕಡಿಮೆಯ ರಿಂಗ್ ಸೆಟ್ ಹಾಕಿ, ವಾಲ್ವ್‌ಗಳನ್ನು ಚೆನ್ನಾಗಿ ಕೂರಿಸಿದರೆ ಸೋರಿಕೆಯೂ ಉಜ್ಜಾಟವೂ ಒಟ್ಟಿಗೆ ಇಳಿಯುತ್ತವೆ. ರಿಂಗ್ ಬಿಗಿ ತೀರಾ ಇಳಿಸಿದರೆ ಆಯಿಲ್ ಸುಡುತ್ತದೆ. ನಿಮ್ಮ ಎಂಜಿನ್‌ನಲ್ಲಿ ಪೂರ್ತಿ ಥ್ರಾಟಲ್‌ನಲ್ಲೂ ನಿರ್ವಾತ ಇರುವುದರಿಂದ ವಾಲ್ವ್ ಗೈಡ್ ಮೂಲಕವೂ ಆಯಿಲ್ ಎಳೆಯುತ್ತದೆ, ಹಾಗಾಗಿ ಗೈಡ್ ಸೀಲ್ ಹೊಸದಿರಲಿ. ಲೀಕ್‌ಡೌನ್‌ನಲ್ಲಿ ಎಲ್ಲ ಸಿಲಿಂಡರ್ ಐದು ಪ್ರತಿಶತದೊಳಗೆ ಬಂದರೆ, ಆಗ ಆ ಹಣ ಚಿಕ್ಕ ಕ್ಯಾಮ್‌ಗೆ. ದೊಡ್ಡ ಪೋರ್ಟ್‌ನ ಹೆಡ್ ಯಾರಾದರೂ ಮಾರಲು ಬಂದರೆ ಕೈಮುಗಿದು ಕಳಿಸಿ, ನಿಮಗೆ ಬೇಕಾದ್ದು ಕಿರಿದಾದ ಪೋರ್ಟ್‌ನಲ್ಲಿ ವೇಗವಾಗಿ ಬರುವ ಗಾಳಿ.

ಇನ್ನು ಚಿಲ್ಲರೆ ಎನಿಸುವ, ಆದರೆ ಚಿಲ್ಲರೆಯಲ್ಲದ ಸಂಗತಿ ಫಿಲ್ಟರ್. ಮಣ್ಣಿನ ಓಟದಲ್ಲಿ ಒಂದೇ ಹೀಟ್‌ನಲ್ಲಿ (ಫೈನಲ್‌ಗೆ ಮುಂಚಿನ ಓಟ) ಅದು ಧೂಳು ಕುಡಿದಿರುತ್ತದೆ, ಮತ್ತು ಕಾರ್ಬುರೇಟರ್‌ಗೂ ಮೊದಲೇ ಇನ್ನೊಂದು ಅಡ್ಡಿಯಾಗಿ ಕೂತಿರುತ್ತದೆ. ಇರುವಷ್ಟರಲ್ಲಿ ದೊಡ್ಡ ಫಿಲ್ಟರ್ ಹಾಕಿ, ಫೈನಲ್‌ಗೆ ಮೊದಲು ಬದಲಿಸಿ. ಬಾನೆಟ್ ಕೆಳಗಿನ ಬಿಸಿ ಗಾಳಿಯ ಬದಲು ಹೊರಗಿನ ತಣ್ಣನೆಯ ಗಾಳಿ ಕೊಡುವುದೂ ಒಳ್ಳೆಯದೇ. ಹತ್ತು ಡಿಗ್ರಿ ಸೆಲ್ಸಿಯಸ್ ತಂಪಾದರೆ ಗಾಳಿ ಮೂರು ಪ್ರತಿಶತ ದಪ್ಪ. ಕಿರಿದಾದ ಕಂಠದಲ್ಲಿ ಹರಿಯುವಾಗ ಆ ಲಾಭದ ಅರ್ಧವಷ್ಟೇ ಕೈಗೆ ಬರುತ್ತದೆ, ಆದರೂ ಪುಕ್ಕಟೆ ಸಿಕ್ಕಿದ್ದನ್ನು ಬಿಡುವುದೇಕೆ.

ಒಂದು ದಾರಿ ನೀವು ಕೇಳಿಲ್ಲ, ಆದರೆ ಯಾರಾದರೂ ಕಿವಿಯಲ್ಲಿ ಉಸುರಿಯೇ ಉಸುರುತ್ತಾರೆ: ಕಾರ್ಬುರೇಟರ್ ಕೆಳಗಿನ ಗ್ಯಾಸ್ಕೆಟ್‌ನಲ್ಲಿ ಕಳ್ಳಸಂದಿ. ಗಾಳಿ ಕಟ್ಟಿದ ದಿನದಿಂದಲೂ ಈ ಆಸೆ ಇದೆ. 1995ರಲ್ಲಿ ಟೊಯೋಟಾ ರ‍್ಯಾಲಿ ತಂಡ ಟರ್ಬೋ ರಿಸ್ಟ್ರಿಕ್ಟರ್ ಪಕ್ಕದಿಂದ ಗಾಳಿ ನುಗ್ಗುವಂತೆ ಬಲು ಜಾಣ್ಮೆಯ ಸ್ಪ್ರಿಂಗ್ ಏರ್ಪಾಡು ಮಾಡಿ ಕ್ಯಾಟಲೂನ್ಯ ರ‍್ಯಾಲಿಯಲ್ಲಿ ಸಿಕ್ಕಿಬಿತ್ತು, ಆ ವರ್ಷದ ಅಂಕಗಳೆಲ್ಲ ಹೋದವು, ಒಂದು ವರ್ಷ ನಿಷೇಧವೂ ಬಿತ್ತು. ತಪಾಸಣೆ ಮಾಡುವವರ ಪರೀಕ್ಷೆ ಬಲು ಸರಳ, ಎಂಜಿನ್ ಓಡುವಾಗ ಕಾರ್ಬುರೇಟರ್ ಬಾಯಿ ಮುಚ್ಚುತ್ತಾರೆ. ಎಂಜಿನ್ ನಿಲ್ಲಬೇಕು. ನೀವು ಮೋಸ ಮಾಡದಿದ್ದರೂ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ ನೋಡಿ. ಗೊತ್ತಿಲ್ಲದೆ ಸಡಿಲವಾದ ಗ್ಯಾಸ್ಕೆಟ್ ಇದ್ದರೆ ಒಂದೆರಡು ಸಿಲಿಂಡರ್‌ಗೆ ಮಾತ್ರ ಮಿಶ್ರಣ ತೆಳುವಾಗಿ, ಪಿಸ್ಟನ್ ಸುಡುವ ಇನ್ನೊಂದು ದಾರಿ ತೆರೆದಿರುತ್ತದೆ.

ಎಲ್ಲಕ್ಕಿಂತ ಮೊದಲು ಮ್ಯಾನಿಫೋಲ್ಡ್‌ಗೆ ಒಂದು ವ್ಯಾಕ್ಯೂಮ್ ಗೇಜ್ ಜೋಡಿಸಿ, ಅದರತ್ತ ಒಂದು ಚಿಕ್ಕ ಕ್ಯಾಮೆರಾ ತಿರುಗಿಸಿಟ್ಟು ಅಭ್ಯಾಸದ ಐದು ಸುತ್ತು ಓಡಿಸಿ. ನೇರದ ಕೊನೆಯಲ್ಲಿ, ಪೆಡಲ್ ಬಿಡುವ ಮುಂಚಿನ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಎಂದು ಬರೆದುಕೊಳ್ಳಿ. ಈಗ ಕೂತಿರುವ ಪವರ್ ವಾಲ್ವ್‌ನ ಸಂಖ್ಯೆ ಅದಕ್ಕಿಂತ ಕಡಿಮೆಯಿದ್ದರೆ, ಅದನ್ನು ಬದಲಿಸುವ ತನಕ 80ರ ಜೆಟ್ಟನ್ನು ತೆಗೆಯಬೇಡಿ.